ಸಂಘದ ಕಾರ್ಯಕ್ರಮದಲ್ಲಿ ಪ್ರಥಮ ಚಿಕಿತ್ಸೆಯ ವ್ಯವಸ್ಥೆ: ಮುಂಬಯಿಯ ಕಾರ್ಯಕರ್ತರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ತುಳು-ಕನ್ನಡ ಸಂಘಗಳ ವಾರ್ಷಿಕೋತ್ಸವದ ಕೆಲಸದ ಪಟ್ಟಿಯಲ್ಲಿ ‘ವೈದ್ಯಕೀಯ ವ್ಯವಸ್ಥೆ’ ಎಂದು ಒಂದು ಸಾಲು ಇದ್ದೇ ಇರುತ್ತದೆ. ಅದರ ಎದುರಿಗೆ ಯಾರದೋ ಹೆಸರೂ ಇರುತ್ತದೆ. ಆ ದಿನ ಹೋಗಿ ನೋಡಿದರೆ ವೇದಿಕೆಯ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಹತ್ತಿ, ಒಂದಿಷ್ಟು ಅಂಟುಪಟ್ಟಿ, ಅವಧಿ ಮುಗಿದ ನೋವಿನ ಮುಲಾಮು.

ಮೂರು ವರ್ಷದ ಹಿಂದೆ ಉಪನಗರದ ಒಂದು ಸಭಾಗೃಹದಲ್ಲಿ ಯಕ್ಷಗಾನ ನಡೆಯುತ್ತಿದ್ದಾಗ ಮೂರನೇ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕುಸಿದುಬಿದ್ದರು. ಸಭೆಯಲ್ಲಿ ಇಬ್ಬರು ಡಾಕ್ಟರರಿದ್ದರು. ಆಂಬ್ಯುಲೆನ್ಸ್ ಹನ್ನೆರಡು ನಿಮಿಷದಲ್ಲಿ ಬಂತು, ಆದರೆ ಹಿಂದಿನ ಗೇಟಿಗೆ ಬಂತು. ಗೇಟಿಗೆ ಬೀಗ, ಬೀಗದ ಕೈ ಇದ್ದ ಕಾವಲುಗಾರ ಊಟಕ್ಕೆ ಹೋಗಿದ್ದ. ಅವನನ್ನು ಹುಡುಕಿ ಬೀಗ ತೆಗೆಸುವಷ್ಟರಲ್ಲಿ ಇನ್ನೂ ಒಂಬತ್ತು ನಿಮಿಷ ಹೋಯಿತು. ಆ ಹಿರಿಯರು ಉಳಿದರು. ಆಮೇಲೆ ನಾನು ಕೆಲಸ ಮಾಡಿದ ಕಾರ್ಯಕ್ರಮಗಳಲ್ಲೂ ಇದೇ ಬಗೆಯ ತಪ್ಪು ಬೇರೆಬೇರೆ ವೇಷದಲ್ಲಿ ಕಂಡಿದೆ. ಔಷಧಿ ಇಲ್ಲದೆ ಕೆಟ್ಟದ್ದು ಕಡಿಮೆ. ದಾರಿ ತೆರೆದಿರಲಿಲ್ಲ, ಫೋನ್ ಮಾಡುವವರು ಯಾರೆಂದು ಗೊತ್ತಿರಲಿಲ್ಲ, ಸುತ್ತ ಗುಂಪು ಕಟ್ಟಿತು, ಹೀಗೆ ಕೆಟ್ಟದ್ದೇ ಹೆಚ್ಚು.

ಆದ್ದರಿಂದ ಮೊದಲು ದಾರಿ, ಆಮೇಲೆ ಜನ, ಕೊನೆಗೆ ಪೆಟ್ಟಿಗೆ. ಈ ಅನುಕ್ರಮವನ್ನು ತಿರುಗುಮುರುಗು ಮಾಡಬೇಡಿ.

ಹಂತ 1: ಒಂದು ತಿಂಗಳ ಮೊದಲು, ಬರುವವರು ಯಾರೆಂದು ಬರೆಯಿರಿ

ಒಂದು ಕಾಗದ ತೆಗೆದುಕೊಂಡು ಮೂರು ವಿಷಯ ಬರೆಯಿರಿ: ಎಷ್ಟು ಜನ, ಯಾವ ವಯಸ್ಸಿನವರು, ಎಷ್ಟು ಹೊತ್ತು ಇರುತ್ತಾರೆ. ಕುರ್ಲಾದ ಬಂಟರ ಭವನದಲ್ಲಿ ಮಧ್ಯಾಹ್ನದ ಊಟವಿರುವ ಸಮಾವೇಶಕ್ಕೂ ಮೈದಾನದಲ್ಲಿ ಮಕ್ಕಳ ಕ್ರೀಡಾಕೂಟಕ್ಕೂ ಒಂದೇ ಸಿದ್ಧತೆ ಸಾಲುವುದಿಲ್ಲ. ಮೊದಲನೆಯದರಲ್ಲಿ ಎದೆನೋವು, ಸಕ್ಕರೆ ಇಳಿಯುವುದು, ಮೆಟ್ಟಿಲಲ್ಲಿ ಜಾರುವುದು. ಎರಡನೆಯದರಲ್ಲಿ ಬಿಸಿಲು, ಉಳುಕು, ಮೂಳೆ ಮುರಿತ.

ನಮ್ಮವರ ಕಾರ್ಯಕ್ರಮಗಳಿಗೇ ಅಂಟಿಕೊಂಡ ಒಂದು ಅಪಾಯವನ್ನು ಬೇರೆಯಾಗಿ ಹೇಳಬೇಕು. ಸಭಾ ಕಾರ್ಯಕ್ರಮ ಎಳೆದು ಊಟ ಎರಡೂವರೆಗೆ ಹೋಗುತ್ತದೆ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡು ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಲೋಕಲ್ ಹಿಡಿದು ಬಂದ ಹಿರಿಯರು ಬೆವರಿ ನಡುಗಲು ಶುರುಮಾಡುವುದು ಆ ಹೊತ್ತಿಗೇ. ಸಭಾಧ್ಯಕ್ಷರಿಗೆ ಮೊದಲೇ ಹೇಳಿ, ಒಂದು ಗಂಟೆಗೆ ಬಿಸ್ಕತ್ತು, ಬಾಳೆಹಣ್ಣು ಹಂಚುವುದೆಂದು ನಿಗದಿಮಾಡಿ. ಇದಕ್ಕಿಂತ ಅಗ್ಗದ ಪ್ರಥಮ ಚಿಕಿತ್ಸೆ ನನಗೆ ಗೊತ್ತಿಲ್ಲ.

ಬಯಲಿನ ಕಾರ್ಯಕ್ರಮವಾದರೆ ಹೊತ್ತನ್ನೇ ಬದಲಿಸಲು ಕೇಳಿ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಬಯಲಿನಲ್ಲಿ ನಡೆದ ಪ್ರಶಸ್ತಿ ಪ್ರದಾನ ಸಮಾರಂಭದಲ್ಲಿ ಬಿಸಿಲಿನ ಹೊಡೆತಕ್ಕೆ 14 ಜನ ತೀರಿಕೊಂಡರು. ಕರಾವಳಿಯ ಈ ಊರಿನಲ್ಲಿ ಗಾಳಿಯಲ್ಲಿ ನೀರಿನಂಶ ಹೆಚ್ಚು, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ತಾಪಮಾಪಕ 35 ಡಿಗ್ರಿ ತೋರಿಸುತ್ತಿದೆ ಎಂದು ಧೈರ್ಯ ತಂದುಕೊಳ್ಳಬೇಡಿ.

ಹಂತ 2: ದಾರಿಯನ್ನು ನಡೆದು ನೋಡಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕಾರ್ಯಕ್ರಮ ಭಾನುವಾರವಾದರೆ ಭಾನುವಾರವೇ, ಅದೇ ಹೊತ್ತಿಗೆ, ಸ್ಥಳಕ್ಕೆ ಹೋಗಿ. ಸಭಾಗೃಹದ ನಡುಸಾಲಿನ ಕುರ್ಚಿಯಿಂದ ಹೊರಟು ಆಂಬ್ಯುಲೆನ್ಸ್ ನಿಲ್ಲುವ ಜಾಗದವರೆಗೆ ನಡೆಯಿರಿ.

ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುತ್ತದೆಯೇ ಎಂದು ಅಳತೆಮಾಡಿ. ಹಳೆಯ ಕಟ್ಟಡಗಳಲ್ಲಿ ಬಹಳ ಕಡೆ ಹಿಡಿಯುವುದಿಲ್ಲ. ಹಾಗಿದ್ದರೆ ಕೈಹಿಡಿ ಇರುವ ಗಟ್ಟಿ ಕುರ್ಚಿಯೊಂದನ್ನು ಆ ಮಹಡಿಯಲ್ಲೇ ಇಟ್ಟು, ಎಚ್ಚರವಿರುವ ರೋಗಿಯನ್ನು ಇಬ್ಬರು ಅದರಲ್ಲಿ ಇಳಿಸುವುದನ್ನು ಅಭ್ಯಾಸ ಮಾಡಿ. ಎಚ್ಚರವಿಲ್ಲದವರಿಗೆ ನಾಲ್ಕೂ ಮೂಲೆಗೆ ಹಿಡಿಕೆಯಿರುವ ಬಟ್ಟೆಯ ಸ್ಟ್ರೆಚರ್ ಬೇಕು.

ಗೇಟುಗಳ ಬೀಗ ಯಾರ ಬಳಿ? ಒಂದು ನಕಲು ಕೀ ನಿಮ್ಮ ತಂಡದವರ ಜೇಬಿನಲ್ಲಿರಲಿ. ಗೇಟಿನ ಮುಂದೆ ಅತಿಥಿಗಳ ಕಾರು ನಿಲ್ಲದಂತೆ ಹಗ್ಗ ಕಟ್ಟಿ, ಒಬ್ಬರನ್ನು ನಿಲ್ಲಿಸಿ. ಬರೀ ಹಗ್ಗಕ್ಕೆ ಈ ಊರಿನಲ್ಲಿ ಯಾರೂ ಬೆಲೆ ಕೊಡುವುದಿಲ್ಲ.

ಆಮೇಲೆ ಆಸ್ಪತ್ರೆ. ಮುಂಬಯಿಯಲ್ಲಿ ಹತ್ತಿರ ಎಂಬುದನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ರೈಲು ಹಳಿಯ ಯಾವ ಬದಿ ಎಂದು ಕೇಳಿ. ಪೂರ್ವದಿಂದ ಪಶ್ಚಿಮಕ್ಕೆ ದಾಟಲು ಮೇಲ್ಸೇತುವೆ ಹುಡುಕುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗುತ್ತದೆ. ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನದಲ್ಲಿ ಕಾರ್ಯಕ್ರಮವಿದ್ದರೆ ಅದೇ ಬದಿಯಲ್ಲಿ ಪಾಲಿಕೆಯ ವಿ. ಎನ್. ದೇಸಾಯಿ ಆಸ್ಪತ್ರೆ ಇದೆ. ದೊಡ್ಡದಾದ ಕೂಪರ್ ಆಸ್ಪತ್ರೆ ಇರುವುದು ಹಳಿಯ ಆಚೆ, ವಿಲೆಪಾರ್ಲೆ ಪಶ್ಚಿಮದಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಸಾಯನ್ ಆಸ್ಪತ್ರೆ ಹತ್ತಿರ, ಪರೇಲಿನ ಕೆಇಎಂ ಎರಡನೆಯ ಆಯ್ಕೆ.

ಎರಡು ಆಸ್ಪತ್ರೆ ಬರೆದಿಡಿ: ಗಾಯಕ್ಕೊಂದು, ಎದೆನೋವು ಮತ್ತು ಲಕ್ವಕ್ಕೊಂದು. ಎರಡನೆಯದರಲ್ಲಿ ರಾತ್ರಿ ಹಗಲೂ ಸಿ.ಟಿ. ಸ್ಕ್ಯಾನ್ ಮತ್ತು ಕ್ಯಾಥ್‌ಲ್ಯಾಬ್ (ಹೃದಯದ ರಕ್ತನಾಳದ ತಡೆ ತೆಗೆಯುವ ಕೋಣೆ) ನಡೆಯುತ್ತದೆಯೇ ಎಂದು ವಾರದ ಮೊದಲು ಫೋನ್ ಮಾಡಿ ಕೇಳಿ. ಗಣೇಶೋತ್ಸವದ ವಿಸರ್ಜನೆಯ ದಿನಗಳಲ್ಲಿ ಯಾವ ರಸ್ತೆ ಮುಚ್ಚಿದೆ ಎಂಬ ಟ್ರಾಫಿಕ್ ಪೊಲೀಸರ ಪ್ರಕಟಣೆಯನ್ನು ಹಿಂದಿನ ಸಂಜೆ ಓದಲೇಬೇಕು.

ಹಂತ 3: ಕೆಲಸ ಹಂಚಿ, ಹೆಸರು ಬರೆದು ಹಂಚಿ

‘ಎಲ್ಲರೂ ನೋಡಿಕೊಳ್ಳೋಣ’ ಎಂದರೆ ಯಾರೂ ನೋಡುವುದಿಲ್ಲ. ಕನಿಷ್ಠ ಐದು ಜನ ಬೇಕು, ಪ್ರತಿಯೊಬ್ಬರಿಗೂ ಒಂದೇ ಕೆಲಸ.

1. ರೋಗಿಯ ಬಳಿ ಕೂರುವವರು. ತರಬೇತಿ ಆದವರು ಮಾತ್ರ.
2. ಅವರ ಜೊತೆಗಾರ. ಎದೆ ಒತ್ತುವ ಕೆಲಸ ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು, ಒಬ್ಬರಿಂದ ಆಗುವುದಿಲ್ಲ.
3. ಫೋನ್ ಮಾಡುವವರು.
4. ಗೇಟಿಗೆ ಓಡುವವರು. ಆಂಬ್ಯುಲೆನ್ಸನ್ನು ಕಂಡು, ಮುಂದೆ ನಿಂತು ಕರೆತರುವುದು ಇವರ ಕೆಲಸ.
5. ಗುಂಪು ಚದುರಿಸುವವರು. ಇದಕ್ಕೆ ಎತ್ತರದ ಧ್ವನಿಯವರೇ ಆಗಬೇಕು. ನಾಲ್ಕು ಸೀರೆ ಅಥವಾ ಬೆಡ್‌ಶೀಟ್ ಹಿಡಿದು ಮರೆಮಾಡುವುದೂ, ಮೊಬೈಲ್ ಚಿತ್ರೀಕರಣ ನಿಲ್ಲಿಸುವುದೂ ಇವರಿಗೇ ಸೇರಿದ್ದು.

ಐನೂರು ಜನರವರೆಗೆ ಇಂಥ ಒಂದು ತಂಡ, ಅದಕ್ಕಿಂತ ಹೆಚ್ಚಾದರೆ ಅಥವಾ ಎರಡು ಮಹಡಿಯಲ್ಲಿ ಜನವಿದ್ದರೆ ಎರಡು. ಇದು ನಾವು ಇಟ್ಟುಕೊಂಡ ಲೆಕ್ಕ. ಬಯಲು, ಬಿಸಿಲು, ಮೆರವಣಿಗೆ ಇದ್ದರೆ ಇನ್ನೂ ಹೆಚ್ಚಿಸಿ. ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಸೇಂಟ್ ಜಾನ್ ಆಂಬ್ಯುಲೆನ್ಸ್ ಮತ್ತು ರೆಡ್‌ಕ್ರಾಸ್ ಕೊಡುತ್ತವೆ. ವಿಡಿಯೋ ನೋಡಿ ಕಲಿತದ್ದು ಸಾಲದು, ಗೊಂಬೆಯ ಎದೆಯನ್ನು ಕೈಯಾರೆ ಒತ್ತಿ ನೋಡಿದವರೇ ಬೇಕು.

‘ನಮ್ಮಲ್ಲಿ ಡಾಕ್ಟರರು ತುಂಬ ಜನ ಇದ್ದಾರೆ’ ಎನ್ನುವುದು ಮತ್ತೊಂದು ತಪ್ಪು. ಸನ್ಮಾನಕ್ಕೆ ಬಂದ ಡಾಕ್ಟರರು ವೇದಿಕೆಯ ಮೇಲಿರುತ್ತಾರೆ, ಕೈಯಲ್ಲಿ ಸ್ಟೆತಸ್ಕೋಪೂ ಇರುವುದಿಲ್ಲ. ಒಬ್ಬರನ್ನು ‘ಸರ್, ಈ ದಿನ ನೀವು ಕರ್ತವ್ಯದ ಮೇಲೆ, ವೇದಿಕೆ ಹತ್ತುವ ಹಾಗಿಲ್ಲ’ ಎಂದು ವಿನಯದಿಂದ ಒಪ್ಪಿಸಿ.

ಭಾಷೆಯ ಮಾತನ್ನೂ ಇಲ್ಲೇ ಹೇಳುತ್ತೇನೆ. ಆಂಬ್ಯುಲೆನ್ಸಿಗೆ 108ಕ್ಕೆ ಕರೆ ಮಾಡಿದರೆ ಆ ಕಡೆಯಿಂದ ಕೇಳುವುದು ಮರಾಠಿ ಅಥವಾ ಹಿಂದಿ. ಗಾಬರಿಯಲ್ಲಿ ನಮ್ಮ ಬಾಯಿಂದ ತುಳುವೋ ಕನ್ನಡವೋ ಹೊರಡುತ್ತದೆ. ಫೋನ್ ಮಾಡುವವರ ಕೊರಳಿಗೆ ಒಂದು ಚೀಟಿ ತೂಗುಹಾಕಿ: ಸ್ಥಳದ ಪೂರ್ಣ ವಿಳಾಸ, ಪೂರ್ವವೋ ಪಶ್ಚಿಮವೋ, ಹತ್ತಿರದ ಗುರುತು, ಯಾವ ಗೇಟು. ಜೊತೆಗೆ ‘ಪೇಶಂಟ್ ಬೇಹೋಶ್ ಹೈ, ಸಾಂಸ್ ನಹೀ ಲೇ ರಹಾ’ ಎಂಬಂಥ ಎರಡು ವಾಕ್ಯ ಕನ್ನಡ ಲಿಪಿಯಲ್ಲಿ. ಊರಿಂದ ಮಗನ ಮನೆಗೆ ಬಂದ, ಕನ್ನಡವಲ್ಲದೆ ಬೇರೆ ಬಾರದ ಅಜ್ಜಿಯನ್ನು ಆಸ್ಪತ್ರೆಗೆ ಕಳಿಸಬೇಕಾದರೆ ಮರಾಠಿ ಬಲ್ಲ ಕಾರ್ಯಕರ್ತೆಯೊಬ್ಬರು ಜೊತೆಗೆ ಹೋಗಲೇಬೇಕು.

ಹಂತ 4: ಆಂಬ್ಯುಲೆನ್ಸ್ ಗೊತ್ತುಮಾಡುವುದು

108 ತುರ್ತಿಗೆ ಕರೆದಾಗ ಬರುವ ಸರಕಾರಿ ಸೇವೆ. ದೊಡ್ಡ ಕಾರ್ಯಕ್ರಮಕ್ಕೆ ಸ್ಥಳದಲ್ಲೇ ಕಾಯುವ ಗಾಡಿಯನ್ನು ಬೇರೆಯಾಗಿ ಗೊತ್ತುಮಾಡಿ. ಬಾಡಿಗೆಯವರು ‘ಆಂಬ್ಯುಲೆನ್ಸ್ ಕಳಿಸ್ತೇವೆ’ ಎಂದ ಕೂಡಲೇ ಒಪ್ಪಬೇಡಿ. ಸ್ಟ್ರೆಚರ್ ಹಾಕಿದ ವ್ಯಾನು ಬಂದು ನಿಂತದ್ದನ್ನು ನಾನು ಕಂಡಿದ್ದೇನೆ, ಒಳಗೆ ಚಾಲಕ ಒಬ್ಬನೇ.

ಕೇಳಬೇಕಾದದ್ದು ಇಷ್ಟು: ಚಾಲಕನಲ್ಲದೆ ತರಬೇತಾದ ಸಹಾಯಕ ಇದ್ದಾರೆಯೇ, ಆಮ್ಲಜನಕ ಎಷ್ಟಿದೆ, ಕಫ ಎಳೆಯುವ ಯಂತ್ರವಿದೆಯೇ, ಹೃದಯಕ್ಕೆ ಶಾಕ್ ಕೊಡುವ ಯಂತ್ರವಿದೆಯೇ. ಹಿರಿಯರೇ ಹೆಚ್ಚಿರುವ ಸಭೆಗೆ ಜನ ‘ಕಾರ್ಡಿಯಾಕ್ ಆಂಬ್ಯುಲೆನ್ಸ್’ ಎನ್ನುವ ಗಾಡಿಯೇ ಬೇಕು.

ಆಮ್ಲಜನಕದ ಲೆಕ್ಕ ಸುಲಭ. ಸಿಲಿಂಡರಿನ ನೀರಿನ ಅಳತೆಯನ್ನು, ಅಂದರೆ ಅದರಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂಬುದನ್ನು, ಗೇಜಿನ ಒತ್ತಡದಿಂದ ಗುಣಿಸಿ. 10 ಲೀಟರ್ ಸಿಲಿಂಡರು 150 ಬಾರ್ ತೋರಿಸಿದರೆ ಒಳಗೆ 1500 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ ಎರಡೂವರೆ ಗಂಟೆ. ಗೇಜು 30ರಲ್ಲಿದ್ದರೆ ಅರ್ಧ ಗಂಟೆ, ಟ್ರಾಫಿಕ್ಕಿನಲ್ಲಿ ಸಿಕ್ಕಿದರೆ ಸಾಲದು.

ಕಾಯುವ ಗಾಡಿ ರೋಗಿಯನ್ನು ಕರೆದುಕೊಂಡು ಹೋದ ಮೇಲೆ ನಿಮ್ಮ ಬಳಿ ಏನೂ ಉಳಿಯುವುದಿಲ್ಲ ಎಂಬುದು ನೆನಪಿರಲಿ. ಆ ಹೊತ್ತಿಗೆ ಎರಡನೆಯ ಗಾಡಿಯ ನಂಬರು ಕೈಯಲ್ಲಿರಬೇಕು.

ಹಂತ 5: ಈಗ ಪೆಟ್ಟಿಗೆ

ಗ್ಲೌಸ್, ಗಾಜ್ ಬಟ್ಟೆಯ ದಪ್ಪ ಮಡಿಕೆಗಳು, ಸುತ್ತುವ ಬ್ಯಾಂಡೇಜ್, ತ್ರಿಕೋನ ಬಟ್ಟೆ, ಬಟ್ಟೆ ಕತ್ತರಿಸುವ ಮೊಂಡು ತುದಿಯ ಕತ್ತರಿ, ಗ್ಲೂಕೋಮೀಟರು ಮತ್ತು ಅವಧಿ ಮುಗಿಯದ ಪಟ್ಟಿಗಳು, ಬಿಪಿ ಯಂತ್ರ, ಪಲ್ಸ್ ಆಕ್ಸಿಮೀಟರು, ಓಆರ್‌ಎಸ್, ಗ್ಲೂಕೋಸ್ ಪುಡಿ, ಆಸ್ಪಿರಿನ್, ಟಾರ್ಚು, ಐಸ್ ತುಂಬಿದ ಥರ್ಮೊಕೋಲ್ ಡಬ್ಬ, ಬೀಸಣಿಗೆ, ಎರಡು ಬಕೆಟ್ ನೀರು. ಎಇಡಿ, ಅಂದರೆ ತರಬೇತಿ ಇಲ್ಲದವರೂ ಬಳಸಬಹುದಾದ, ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಬಾಡಿಗೆಗೋ ಎರವಿಗೋ ಸಿಕ್ಕರೆ ಬಿಡಬೇಡಿ, ಹಚ್ಚಿದರೆ ಅದೇ ಮಾತನಾಡಿ ಹೇಳಿಕೊಡುತ್ತದೆ.

ಬ್ಯಾಟರಿ ಮತ್ತು ಅವಧಿಯ ತಾರೀಖನ್ನು ಇಬ್ಬರು ಬೇರೆಬೇರೆಯಾಗಿ ನೋಡಲಿ. ಪೆಟ್ಟಿಗೆಯನ್ನು ವೇದಿಕೆಯ ಹಿಂದೆ ಬೀಗ ಹಾಕಿ ಇಡಬೇಡಿ. ಪ್ರೇಕ್ಷಕರ ಬಾಗಿಲ ಪಕ್ಕದಲ್ಲಿ, ಫಲಕ ಹಾಕಿ, ಎಲ್ಲರಿಗೂ ಕಾಣುವಂತೆ ಇಡಿ.

ಹಂತ 6: ಆ ದಿನದ ಬೆಳಿಗ್ಗೆ

ಭಾನುವಾರ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವುದು) ಇದೆಯೇ ನೋಡಿ, ನಿಮ್ಮ ತಂಡದವರೇ ತಡವಾಗಿ ಬಂದರೆ ಎಲ್ಲ ವ್ಯರ್ಥ. ಜನ ಬರುವ ಒಂದು ಗಂಟೆ ಮೊದಲು ಒಮ್ಮೆ ಅಣಕು ಓಟ ಮಾಡಿ: ಒಬ್ಬರು ಕುರ್ಚಿಯಲ್ಲಿ ಕುಸಿದಂತೆ ನಟಿಸಲಿ, ಉಳಿದವರು ಗಡಿಯಾರ ಹಿಡಿದು ಅವರನ್ನು ಗೇಟಿಗೆ ತಲುಪಿಸಲಿ. ಮೊದಲ ಸಲ ಆರೇಳು ನಿಮಿಷ ಹಿಡಿಯುತ್ತದೆ. ಎರಡನೆಯ ಸಲ ಮೂರಕ್ಕಿಳಿಯುತ್ತದೆ.

ನಿರೂಪಕರಿಗೆ ಒಂದು ಚೀಟಿ ಕೊಡಿ. ಏನಾದರೂ ಆದರೆ ಮೈಕಿನಲ್ಲಿ ‘ಡಾಕ್ಟರ್ ಇದ್ದರೆ ಓಡಿ ಬನ್ನಿ’ ಎಂದು ಕೂಗುವಂತಿಲ್ಲ. ಕೂಗಿದರೆ ನೂರು ಜನ ಏಳುತ್ತಾರೆ. ‘ವೈದ್ಯಕೀಯ ತಂಡದವರು ಎಡಬದಿಯ ಐದನೇ ಸಾಲಿಗೆ, ಉಳಿದವರು ಕೂತೇ ಇರಿ’ ಎನ್ನಲಿ.

ಯಕ್ಷಗಾನವಿದ್ದರೆ ವೇಷ ಕಟ್ಟುವ ಜಾಗವಾದ ಚೌಕಿಗೂ ಹೋಗಿ ಬನ್ನಿ. ಕಿರೀಟ, ಭಾರದ ಉಡುಪು, ಬಿಗಿದ ಕಟ್ಟುಗಳೊಳಗೆ ಕಲಾವಿದರು ಗಂಟೆಗಟ್ಟಲೆ ಕುಣಿಯುತ್ತಾರೆ. ಯಾರಾದರೂ ಬವಳಿ ಬಂದು ಬಿದ್ದರೆ ಆ ಗಂಟುಗಳನ್ನು ಬಿಚ್ಚಬಲ್ಲವರು ವೇಷ ಕಟ್ಟಿದವರೇ. ಅವರಲ್ಲೊಬ್ಬರ ಹೆಸರು ಬರೆದುಕೊಳ್ಳಿ. ಉಸಿರೇ ನಿಂತಿದ್ದರೆ ಬಿಚ್ಚುತ್ತ ಕೂರಬೇಡಿ, ಕತ್ತರಿಸಿ.

ಹಂತ 7: ಯಾರಾದರೂ ಬಿದ್ದಾಗ ಮೊದಲ ಕೆಲವು ನಿಮಿಷ

1. ಜಾಗ ಸುರಕ್ಷಿತವೇ ನೋಡಿ. ಲೈಟಿನ ತಂತಿ ತಗುಲಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ, ಮುಟ್ಟುವುದು ಆಮೇಲೆ.
2. ಭುಜ ತಟ್ಟಿ ಜೋರಾಗಿ ಕರೆಯಿರಿ. ಮಾತಿಲ್ಲವೇ? ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡಿನೊಳಗೆ ನೋಡಿ.
3. ಉಸಿರಿಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆದಂತೆ ಉಸಿರು ಎಂದಾದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಆ ಎಳೆತವನ್ನು ಕಂಡು ‘ಉಸಿರಾಡ್ತಿದ್ದಾರೆ’ ಎಂದು ಸುಮ್ಮನಾಗುವುದು ಜೀವ ಕಳೆಯುವ ತಪ್ಪು.
4. ಒಬ್ಬರು 108ಕ್ಕೆ, ಒಬ್ಬರು ಎಇಡಿಗೆ, ಒಬ್ಬರು ಗೇಟಿಗೆ. ನೀವು ಎದೆಯ ನಡುವೆ ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು ಒತ್ತಲು ಶುರುಮಾಡಿ.

ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ತರಬೇತಿ ಇದ್ದರೆ 30 ಒತ್ತಿಗೆ 2 ಉಸಿರು, ಇಲ್ಲವಾದರೆ ನಿಲ್ಲಿಸದೆ ಒತ್ತುವುದೊಂದೇ ಸಾಕು. ಕುರ್ಚಿಯಲ್ಲೋ ಸೋಫಾದಲ್ಲೋ ಅಲ್ಲ, ಗಟ್ಟಿ ನೆಲದ ಮೇಲೆ. ಮುಖಕ್ಕೆ ನೀರು ಚಿಮುಕಿಸುವುದು, ಈರುಳ್ಳಿ ಮೂಸಿಸುವುದು, ಎತ್ತಿ ಕೂರಿಸುವುದು ಬೇಡ. ಪಕ್ಕೆಲುಬು ಮುರಿದ ಸದ್ದು ಬಂದರೂ ಕೈ ನಿಲ್ಲಬಾರದು.

ಹಂತ 8: ಮತ್ತೆಮತ್ತೆ ಎದುರಾಗುವ ತೊಂದರೆಗಳು, ನಮ್ಮವರು ಮಾಡುವ ತಪ್ಪುಗಳು

*ಎದೆನೋವು.* ರೋಗಿಯನ್ನು ನಡೆಸಬೇಡಿ, ಬೆನ್ನಿಗೆ ಆಸರೆ ಕೊಟ್ಟು ಮಂಡಿ ಮಡಿಸಿ ಕೂರಿಸಿ. ಆಸ್ಪಿರಿನ್ ಅಲರ್ಜಿಯಾಗಲಿ ರಕ್ತಸ್ರಾವದ ತೊಂದರೆಯಾಗಲಿ ಇಲ್ಲವೆಂದು ಕೇಳಿ, ಡಾಕ್ಟರರ ಮಾತಿನ ಮೇಲೆ 300 ಮಿಲಿಗ್ರಾಂ ಅಗಿಯಲು ಕೊಡಬಹುದು. ಪಕ್ಕದವರ ಪರ್ಸಿನಿಂದ ಸಾರ್ಬಿಟ್ರೇಟ್ ಎಂಬ ಎದೆನೋವಿನ ಮಾತ್ರೆ ತೆಗೆದು ನಾಲಿಗೆಯಡಿ ಇಡುವ ಚಾಳಿ ನಮ್ಮಲ್ಲಿದೆ. ಬಿಪಿ ಕೆಳಗಿದ್ದರೆ ಅದರಿಂದ ರೋಗಿ ಅಲ್ಲೇ ಕುಸಿಯುತ್ತಾರೆ. ‘ಗ್ಯಾಸ್ ಇರಬೇಕು, ಸೋಡಾ ಕೊಡಿ’ ಎಂಬ ಸಲಹೆಗೆ ಕಿವಿಗೊಡಬೇಡಿ. ಮಧುಮೇಹಿಗಳಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಉಸಿರುಗಟ್ಟುವಿಕೆಯಾಗಿ ಹೃದಯಾಘಾತ ಬರಬಹುದು.

*ಲಕ್ವ.* ನಗಲು ಹೇಳಿ, ಎರಡೂ ಕೈ ಎತ್ತಲು ಹೇಳಿ, ಒಂದು ವಾಕ್ಯ ಆಡಲು ಹೇಳಿ. ಒಂದರಲ್ಲಿ ತಪ್ಪಿದರೂ ಹೊರಡಿ. ಲಕ್ಷಣ ಶುರುವಾದ ಗಂಟೆ ಬರೆದಿಡಿ, ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ನೀರು ಬೇಡ, ಆಸ್ಪಿರಿನ್ ಬೇಡ.

*ಸಕ್ಕರೆ ಇಳಿಕೆ.* ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕೆಳಗಿದ್ದು ನುಂಗಲು ಆಗುತ್ತಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ. ಹದಿನೈದು ನಿಮಿಷಕ್ಕೆ ಮತ್ತೆ ಅಳೆಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ.

*ಫಿಟ್ಸ್.* ಕೈಗೆ ಕೀಗೊಂಚಲು, ಮೂಗಿಗೆ ಚಪ್ಪಲಿ, ಹಲ್ಲಿನ ನಡುವೆ ಚಮಚ: ಮೂರೂ ಬೇಡ. ತಲೆಯಡಿ ಮಡಿಸಿದ ಬಟ್ಟೆ ಇಡಿ, ಸುತ್ತಲಿನ ಕುರ್ಚಿ ಸರಿಸಿ, ಗಡಿಯಾರ ನೋಡಿ. ಸೆಳೆತ ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ. ಸೆಳೆತವೇ ಐದು ನಿಮಿಷ ದಾಟಿದರೆ ಆಸ್ಪತ್ರೆ.

*ಬಿಸಿಲಿನ ಹೊಡೆತ.* ಮೈ ಸುಡುತ್ತಿದ್ದು ಮಾತು ತಡವರಿಸುತ್ತಿದ್ದರೆ, ಗೊಂದಲವಿದ್ದರೆ, ಇದು ಬರೀ ಸುಸ್ತಲ್ಲ. ಗಾಡಿಗೆ ಕಾಯದೆ ಅಲ್ಲೇ ತಣಿಸಿ: ಮೈಮೇಲೆ ನೀರು ಸುರಿದು ಬೀಸಿ, ಕಂಕುಳು, ತೊಡೆಸಂದು, ಕುತ್ತಿಗೆಗೆ ಐಸ್ ಇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ.

*ಸುಟ್ಟ ಗಾಯ.* ಸಾಂಬಾರಿನ ಕೊಪ್ಪರಿಗೆ ಇಳಿಸುವಾಗ ಅಡುಗೆಯವರಿಗೆ ಆಗುವುದು. ಹರಿಯುವ ನಲ್ಲಿ ನೀರು 20 ನಿಮಿಷ. ಟೂತ್‌ಪೇಸ್ಟ್, ಐಸ್, ಎಣ್ಣೆ ಬೇಡ. ಬಳೆ, ಉಂಗುರವನ್ನು ಊದಿಕೊಳ್ಳುವ ಮೊದಲೇ ತೆಗೆಯಿರಿ.

*ರಕ್ತ.* ಕಾಫಿಪುಡಿ, ಅರಿಶಿನ ಒತ್ತಬೇಡಿ. ಗಾಜ್ ಇಟ್ಟು ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಡುವೆ ಎತ್ತಿ ನೋಡಬೇಡಿ.

*ಬಿದ್ದ ಪೆಟ್ಟು.* ದಹಿಹಂಡಿಯ ಮಾನವ ಪಿರಮಿಡ್ಡಿನಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಓಡುವುದನ್ನು ಪ್ರತಿವರ್ಷ ಕಾಣುತ್ತೇವೆ. ಕುತ್ತಿಗೆ ನೋವು, ಕೈಕಾಲು ಜೋಮು ಎಂದರೆ ತಲೆಯನ್ನು ಎರಡೂ ಬದಿಯಿಂದ ಅಲುಗದಂತೆ ಹಿಡಿದು ಆಂಬ್ಯುಲೆನ್ಸಿನವರಿಗೆ ಕಾಯಿರಿ.

*ಸಮುದ್ರದ ಕುಟುಕು.* ಗಿರ್‌ಗಾಂವ್ ಅಥವಾ ಜುಹು ಚೌಪಾಟಿಯಲ್ಲಿ ವಿಸರ್ಜನೆಗೆ ನೀರಿಗಿಳಿಯುವವರು ಗಮ್‌ಬೂಟ್ ಹಾಕಲಿ. ತೊರಕೆ ಮೀನು ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿ ನೀರಿನಲ್ಲಿ ಕಾಲು ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ಮುಳ್ಳು ಆಳಕ್ಕೆ ಹೋಗಿದ್ದರೆ ಕೀಳಬೇಡಿ.

ಹಂತ 9: ಗುಂಪನ್ನು ಓದುವುದು

ನೂಕುನುಗ್ಗಲಿನಲ್ಲಿ ಜನ ತುಳಿತಕ್ಕಿಂತ ಹೆಚ್ಚಾಗಿ ಉಸಿರುಗಟ್ಟಿ ಸಾಯುತ್ತಾರೆ, ಕೆಲವೊಮ್ಮೆ ನಿಂತಲ್ಲೇ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಗುಂಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೋದದ್ದು ಮುಂಬಯಿಯವರು ಮರೆಯುವ ಮಾತಲ್ಲ.

ಒಂದು ಚದರ ಮೀಟರಿನಲ್ಲಿ ಐದು ಜನ ಸೇರಿದರೆ ಅಪಾಯ ಶುರು. ಎತ್ತರದಲ್ಲಿ ಒಬ್ಬರನ್ನು ನಿಲ್ಲಿಸಿ ಈ ಗುರುತುಗಳನ್ನು ಹುಡುಕಲು ಹೇಳಿ: ಜನರಿಗೆ ತಮ್ಮ ಕೈ ಎತ್ತಲು ಆಗದಿರುವುದು, ಗುಂಪು ಅಲೆಯಂತೆ ಅತ್ತಿತ್ತ ತೂಗುವುದು, ಮಕ್ಕಳನ್ನು ತಲೆಯ ಮೇಲೆ ಎತ್ತಿ ದಾಟಿಸುವುದು, ಬಾಗಿಲ ಬಳಿ ಒಳಗೆ ಬರುವವರೂ ಹೊರಗೆ ಹೋಗುವವರೂ ಎದುರುಬದುರಾಗುವುದು. ಇವುಗಳಲ್ಲಿ ಒಂದು ಕಂಡರೂ ಹಿಂದಿನಿಂದ ಬರುವವರನ್ನು ತಡೆಯಬೇಕು. ಮುಂದಿದ್ದವರಿಗೆ ‘ಸರಿಯಿರಿ’ ಎಂದು ಕೂಗಿ ಫಲವಿಲ್ಲ, ಒತ್ತಡ ಬರುವುದು ಹಿಂದಿನಿಂದ. ನಮ್ಮಲ್ಲಿ ಇದು ಹೆಚ್ಚಾಗಿ ಊಟದ ಸಾಲಿನಲ್ಲಿ ಕಿರಿದಾದ ಮೆಟ್ಟಿಲ ಮೇಲೆ ಆಗುತ್ತದೆ. ಪಂಕ್ತಿಗೆ ಚೀಟಿ ಕೊಟ್ಟು, ಸಾಲುಸಾಲಾಗಿ ಕರೆಯಿರಿ. ಪೊಲೀಸರಿಗೆ 112, ಮುಂಬಯಿ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಗೆ 1916.

ಹಂತ 10: ಮುಗಿದ ಮೇಲೆ

ಆಸ್ಪತ್ರೆಗೆ ಹೋದ ಪ್ರತಿಯೊಬ್ಬರ ಜೊತೆ ಒಂದು ಚೀಟಿ ಹೋಗಬೇಕು: ಏನಾಯಿತು, ಎಷ್ಟು ಗಂಟೆಗೆ, ಏನು ಕೊಟ್ಟಿರಿ, ಮನೆಯವರ ಫೋನ್ ನಂಬರು. ಅದರ ನಕಲು ನಿಮ್ಮ ಪುಸ್ತಕದಲ್ಲಿ ಉಳಿಯಲಿ, ವಾಟ್ಸಾಪ್ ಗುಂಪಿಗೆ ಮಾತ್ರ ಹೋಗದಿರಲಿ. ರಕ್ತ ಮೆತ್ತಿದ ಗಾಜ್, ಸೂಜಿಗಳು ಎಲೆ-ಲೋಟದ ಕಸದೊಂದಿಗೆ ಸೇರಬಾರದು. ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ, ಉಳಿದದ್ದನ್ನು ಹಳದಿ ಚೀಲದಲ್ಲಿ ಹಾಕಿ, ಒಪ್ಪಿಕೊಂಡ ಆಸ್ಪತ್ರೆಗೋ ಕ್ಲಿನಿಕ್ಕಿಗೋ ಕೊಡಿ. ಇದನ್ನೂ ಮೊದಲೇ ಮಾತಾಡಿಕೊಂಡಿರಬೇಕು.

ಮರುದಿನ ಆಸ್ಪತ್ರೆಗೆ ಹೋದವರ ಮನೆಗೆ ಫೋನ್ ಮಾಡಿ. ಆ ವಾರದೊಳಗೇ ತಂಡದವರು ಕೂತು ಪುಸ್ತಕದ ಕೊನೆಯ ಪುಟದಲ್ಲಿ ಮುಂದಿನ ವರ್ಷ ಈ ಕೆಲಸ ವಹಿಸಿಕೊಳ್ಳುವವರಿಗಾಗಿ ಬರೆಯಿರಿ: ಲಿಫ್ಟಿನ ಅಳತೆ, ಅಣಕು ಓಟಕ್ಕೆ ಹಿಡಿದ ನಿಮಿಷ, ಫೋನ್ ಎತ್ತಿದ ಆಸ್ಪತ್ರೆ ಯಾವುದು, ಹಿಂದಿನ ಗೇಟಿನ ಕೀ ಯಾರ ಬಳಿ ಇರುತ್ತದೆ, ಅವರು ಊಟಕ್ಕೆ ಎಷ್ಟು ಗಂಟೆಗೆ ಹೋಗುತ್ತಾರೆ.